ಕೊಮೀನ್ ಎಲ್ಲಿ ಹೋದ?

ಮಾನ್ಯರೇ,

ನಮ್ಮ ಗ್ರಂಥಾಲಯದ ಪುಸ್ತಕಗಳ ಪಟ್ಟಿಯೆಲ್ಲ ಕಂಪ್ಯೂಟರಿಗೆ ಏರಿದೆ ಎಂದು ಮೊನ್ನೆ ಫೋಟೊ ಸಮೇತ ಬಂದ ವರದಿ ನಂಬಿ ನಿನ್ನೆ ಹೋಗಿದ್ದೆ. ಬೇಕಿದ್ದದ್ದು ಹದಿನೈದನೇ ಶತಮಾನದ ಫ್ರೆಂಚ್ ಇತಿಹಾಸಕಾರ ಫಿಲಿಪ್ ದ ಕೊಮೀನ್‌ನ ನೆನಪುಗಳ ಇಂಗ್ಲಿಷ್ ಅನುವಾದ. ‘ಅಂಥ ಲೇಖಕರೇ ಇಲ್ಲ ಸಾರ್’ ಎಂದರು. ಇದೇ ಕಟ್ಟಡದಲ್ಲಿ ಕೂತು ಆ ಪುಸ್ತಕದಿಂದ ಟಿಪ್ಪಣಿ ಮಾಡಿಕೊಂಡು ಪಾಠ ಹೇಳಿದವನು ನಾನು!

ಈತನ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬರು ಒಂದು ‘ಎಮ್’ ಹಾಕಿ ಬರೆದರೆ ಇನ್ನೊಬ್ಬರು ಎರಡು ಹಾಕುತ್ತಾರೆ; ಕೆಲವರಿಗೆ ‘ಐ’, ಕೆಲವರಿಗೆ ‘ವೈ’. 1596ರ ಅನುವಾದದಲ್ಲಂತೂ ಜೊತೆಗೆ ಅರ್ಜಾಂತೋಂನ ಒಡೆಯನೆಂಬ ಬಿರುದೂ ಇದೆ. ಗ್ರಂಥಾಲಯದ ಹಳೆಯ ಸೂಚಿ ಕಾರ್ಡುಗಳಲ್ಲಿ, ಯಾವ ಕಾಗುಣಿತದಲ್ಲಿ ಹುಡುಕಿದರೂ ಸಿಗಲೆಂದು, ‘ಇಲ್ಲಿ ನೋಡಿ’ ಎಂದು ಬರೆದಿರುತ್ತಿತ್ತು. ಆ ಕಾರ್ಡುಗಳನ್ನು ಗುಜರಿಗೆ ಹಾಕಿದ್ದಾರಂತೆ. ಕೆಳಗಿನವರು ಮೇಲಕ್ಕೆ ಕಳಿಸಿದರು, ಮೇಲಿನವರು ಅರ್ಜಿ ಬರೆದುಕೊಡಿ ಎಂದರು, ಸಾಹೇಬರು ಮೀಟಿಂಗಿನಲ್ಲಿದ್ದರು. ಮಂಡಿನೋವಿನವನಿಗೆ ಕೂರಲು ಒಂದು ಕುರ್ಚಿ ಇಲ್ಲ.

ಕೊಮೀನ್ ಯಾರೋ ದಾರಿಹೋಕನಲ್ಲ. ಬರ್ಗಂಡಿಯ ಡ್ಯೂಕ್ ಚಾರ್ಲ್ಸನ ಆಸ್ಥಾನದಲ್ಲಿದ್ದು, 1472ರಲ್ಲಿ ರಾತ್ರೋರಾತ್ರಿ ಅವನ ಎದುರಾಳಿ, ಫ್ರಾನ್ಸಿನ ದೊರೆ ಹನ್ನೊಂದನೇ ಲೂಯಿಯ ಕಡೆ ಸೇರಿದವನು. ಮುಂದೆ ವೆನಿಸ್‌ಗೆ ರಾಯಭಾರಿ. ಆ ಲೂಯಿ ಶತ್ರುಗಳಿಗೆಂದು ಮಾಡಿಸಿದಂಥ ಕಬ್ಬಿಣದ ಪಂಜರದ ರುಚಿಯನ್ನು, ಲೂಯಿ ಸತ್ತ ಮೇಲೆ ತಾನೂ ಎಂಟು ತಿಂಗಳು ಕಂಡೆನೆಂದು ಮುಚ್ಚುಮರೆಯಿಲ್ಲದೆ ಬರೆದ. ದೊರೆಗಳನ್ನು ಹೊಗಳುವುದೇ ಇತಿಹಾಸವೆಂದುಕೊಂಡಿದ್ದ ಕಾಲದಲ್ಲಿ ಅವರ ದಡ್ಡತನ, ಹೆದರಿಕೆ, ಲೆಕ್ಕಾಚಾರ ಎಲ್ಲವನ್ನೂ ಹತ್ತಿರದಿಂದ ನೋಡಿ ದಾಖಲಿಸಿದ. ಅವನು ತೀರಿಕೊಂಡದ್ದು 1511ರಲ್ಲಿ, ಪುಸ್ತಕ ಅಚ್ಚಾದದ್ದು 1524ರಲ್ಲಿ. ಅಂದಿನಿಂದ ಉಳಿದು ಬಂದ ಹೆಸರು ನಮ್ಮೂರಿನಲ್ಲಿ ಅಳಿಸಿಹೋಗಬೇಕೆ?

ಲೂಯಿಗೂ ಚಾರ್ಲ್ಸನಿಗೂ ನಡೆದ 1465ರ ಮೋಂಲೇರಿ ಕಾಳಗದ ಬಗ್ಗೆ ಅವನು ಬರೆದದ್ದನ್ನು ನಮ್ಮ ಅಧಿಕಾರಿಗಳು ಓದಬೇಕು. ಓಡಿಹೋದರೆಂದು ಕೆಲವರ ಹುದ್ದೆ ಕಿತ್ತುಕೊಂಡು, ಅವರಿಗಿಂತ ಹತ್ತು ಹರದಾರಿ ದೂರ ಓಡಿದವರಿಗೆ ಕೊಟ್ಟರಂತೆ. ಇಲ್ಲಿ ಆಗುತ್ತಿರುವುದೂ ಅದೇ. ಸೋರುವ ಛಾವಣಿಯ ಬಗ್ಗೆ ದೂರು ಕೊಟ್ಟಾಗ ಇದ್ದವರು ವರ್ಗವಾದರು, ಬಂದವರು ಕಡತವನ್ನೇ ಕಳೆದರು. ಶೌಚಾಲಯಕ್ಕೆ ಬೀಗ, ಬೀಗದ ಕೈ ಯಾರಲ್ಲಿದೆಯೋ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನು ಮಾತ್ರ ತಪ್ಪದೆ ವಸೂಲು ಮಾಡುತ್ತಾರೆ. ಆ ಹಣ ಎಲ್ಲಿಗೆ ಹೋಗುತ್ತಿದೆ?

ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಲಿ. ಪುಸ್ತಕ ಹುಡುಕಿಸಲಿ, ಇಲ್ಲವೇ ಆ ಕಾರ್ಡುಗಳನ್ನು ಗುಜರಿಯವನಿಂದ ವಾಪಸ್ ತರಿಸಲಿ. ಈ ಕಂಪ್ಯೂಟರ್ ಪಟ್ಟಿಯ ಉದ್ಘಾಟನೆಗೆ ಬಂದು ಕತ್ತರಿ ಹಿಡಿದು ನಿಂತವರಿಗೆ ಒಂದು ಪುಸ್ತಕ ಕೇಳಿ ನೋಡೋಣ ಎನ್ನಿಸಲಿಲ್ಲವಲ್ಲ, ನಾಚಿಕೆಯಾಗಬೇಕು.

– ನಿವೃತ್ತ ಇತಿಹಾಸ ಉಪನ್ಯಾಸಕ