ಹಗಲು ಧಾರಾವಾಹಿಗಳ ಒಡೆತನ: ಈ ವಾರದ ಚರ್ಚೆಗೆ ಸೂಚನೆ

ಮಾನ್ಯ ಸದಸ್ಯರೇ,

ಅಮೆರಿಕದ ಹಗಲು ಧಾರಾವಾಹಿಗಳ ಕುರಿತ ಈ ವಾರದ ಚರ್ಚೆಯಲ್ಲಿ ಪ್ರಾಯೋಜಕರನ್ನೂ ನಿರ್ಮಾಪಕರನ್ನೂ ಬೇರೆಬೇರೆಯಾಗಿ ಎಣಿಸಬಾರದೆಂದು ವಿನಂತಿಸುತ್ತೇನೆ, ಏಕೆಂದರೆ ಸಾಬೂನು ಮೊದಲಾದ ಮನೆಬಳಕೆಯ ವಸ್ತುಗಳನ್ನು ತಯಾರಿಸುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ವಿಷಯದಲ್ಲಿ ಆ ಇಬ್ಬರೂ ಒಬ್ಬರೇ ಆಗಿದ್ದರು. 1933ರಲ್ಲಿ ಆಕ್ಸಿಡಾಲ್ ಸೋಪಿನ ಪುಡಿಯ ಪ್ರಚಾರಕ್ಕೆಂದು ‘ಮಾ ಪರ್ಕಿನ್ಸ್’ ರೇಡಿಯೋ ಧಾರಾವಾಹಿಯನ್ನು ಪ್ರಾಯೋಜಿಸಿದ ಈ ಕಂಪನಿ, ಮುಂದೆ ತನ್ನದೇ ನಿರ್ಮಾಣ ಸಂಸ್ಥೆಯ ಮೂಲಕ ‘ಗೈಡಿಂಗ್ ಲೈಟ್’, ‘ಆ್ಯಸ್ ದಿ ವರ್ಲ್ಡ್ ಟರ್ನ್ಸ್’ ಮೊದಲಾದವುಗಳ ಒಡೆತನವನ್ನೇ ಹೊಂದಿತ್ತು. ಇದೇ ಕಂಪನಿಯ ‘ದಿ ಎಡ್ಜ್ ಆಫ್ ನೈಟ್’ ಧಾರಾವಾಹಿ 1975ರಲ್ಲಿ ಸಿಬಿಎಸ್ ವಾಹಿನಿಯನ್ನು ತೊರೆದು ಎಬಿಸಿಗೆ ಹೋಗಿ, 1984ರವರೆಗೆ ಮುಂದುವರಿಯಲು ಸಾಧ್ಯವಾದದ್ದು ಈ ಒಡೆತನದ ಬಲದಿಂದಲೇ.

ಸಾಬೂನು ಮಾರುವವರ ಕತೆಗಳೆಂದು ಇವನ್ನು ಹಗುರವಾಗಿ ಕಾಣುವುದು ಅನ್ಯಾಯವೆಂಬುದು ನನ್ನ ದೃಢ ಅಭಿಪ್ರಾಯ. ಧಾರಾವಾಹಿ ಲೇಖಕಿ ಇರ್ನಾ ಫಿಲಿಪ್ಸ್ ಅವರು 1956ರಲ್ಲಿ ‘ಆ್ಯಸ್ ದಿ ವರ್ಲ್ಡ್ ಟರ್ನ್ಸ್’ ಅನ್ನು ಅಂದು ರೂಢಿಯಲ್ಲಿದ್ದ ಹದಿನೈದು ನಿಮಿಷಗಳ ಬದಲು ಅರ್ಧ ಗಂಟೆಯ ಅವಧಿಗೆ ರೂಪಿಸಿದಾಗ, ಮನೆಮಂದಿಯ ಸಾಮಾನ್ಯ ಮಾತಿಗೂ ಮಾತಿನ ನಡುವಣ ಮೌನಕ್ಕೂ ತೆರೆಯ ಮೇಲೆ ಬಿಡುವು ದೊರೆಯಿತು. ಅದು 2010ರವರೆಗೆ ನಡೆಯಿತು. 1937ರಲ್ಲಿ ರೇಡಿಯೋದಲ್ಲಿ ಆರಂಭವಾದ ‘ಗೈಡಿಂಗ್ ಲೈಟ್’ 2009ರಲ್ಲಿ ಮುಗಿಯಿತು.

ಚರ್ಚೆಯನ್ನು ಈ ಕಂಪನಿಯ ಧಾರಾವಾಹಿಗಳಿಗಷ್ಟೇ ಸೀಮಿತಗೊಳಿಸಿ, ಎಬಿಸಿಯ ‘ಜನರಲ್ ಹಾಸ್ಪಿಟಲ್’ ಕುರಿತ ಮಾತನ್ನು ಮುಂದಿನ ವಾರಕ್ಕೆ ಕಾಯ್ದಿರಿಸಬೇಕಾಗಿ ಕೋರುತ್ತೇನೆ.