ಭಾನುವಾರ ಫಿನ್ಸ್ ತನ್ನಿ

ಎಲ್ರಿಗೂ ನಮಸ್ಕಾರ 🙏 ಈ ಭಾನುವಾರ ಬೆಳಗ್ಗೆ 10ಕ್ಕೆ ನಮ್ಮನೆ ಟೆರೇಸಲ್ಲಿ ಫಿನ್ಸ್ (ಈಜೋವಾಗ ಕಾಲಿಗೆ ಹಾಕ್ಕೊಳ್ಳೋ ರೆಕ್ಕೆ ಥರದ್ದು) ನೋಡೋದು, ಅದಲು ಬದಲು ಮಾಡ್ಕೊಳ್ಳೋದು ಇದೆ, ಕಲೆಕ್ಷನ್ ಇರೋರೆಲ್ಲ ತನ್ನಿ. ಸ್ಕೂಬಾಪ್ರೋ ಕಂಪನಿಯ ಜೆಟ್ ಫಿನ್ ಥರ ಪೂರ್ತಿ ರಬ್ಬರಿಂದು ಇದ್ರಂತೂ ಬಿಟ್ಟು ಬರ್ಬೇಡಿ, 1960ರ ದಶಕದ ಡಿಸೈನ್ ಅದು, ನೀರು ಹಾದು ಹೋಗೋಕೆ ಬ್ಲೇಡಲ್ಲಿ (ಮುಂದಿನ ಚಪ್ಪಟೆ ಭಾಗದಲ್ಲಿ) ಕಿಂಡಿ ಹೆಂಗ್ ಕೊಟ್ಟಿದಾರೆ ಅಂತ ಹೊಸಬರು ಕೈಯಲ್ಲಿ ಹಿಡಿದೇ ನೋಡ್ಬೇಕು.

ಮೊದ್ಲು ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಬಿಸಿಲಿಗೆ ರಬ್ಬರ್ ಬಿರುಕು ಬಿಡತ್ತೆ, ತುದಿ ಕೆಳಗೆ ಮಾಡಿ ನಿಲ್ಲಿಸ್ಲೂ ಬೇಡಿ, ಬ್ಲೇಡ್ ಬಾಗತ್ತೆ.

ನೇತ್ರಾಣಿ ದ್ವೀಪಕ್ಕೆ ಸ್ನಾರ್ಕ್ಲಿಂಗ್ (ಬಾಯಲ್ಲಿ ಕೊಳವೆ ಇಟ್ಕೊಂಡು ಉಸಿರಾಡ್ತಾ ನೀರಿನ ಮೇಲ್ಭಾಗದಲ್ಲಿ ಈಜೋದು) ಹೋಗೋರಲ್ಲಿ ಕೆಲವರ ಹತ್ರ ಸ್ವಂತ ಫಿನ್ಸ್ ಇಲ್ಲ, ಕೊಡೋಕಾಗೋರು ಸೈಜು, ಸ್ಟ್ರ್ಯಾಪಿಂದಾ ಶೂ ಥರದ್ದಾ ಅಂತ ಬರೆದು ಶುಕ್ರವಾರದೊಳಗೆ ಫೋಟೋ ಹಾಕಿ ಪ್ಲೀಸ್.