ಗಂಗೋತ್ರಿ ಗೆಳೆಯರ ಜೋಗ ಪ್ರವಾಸ: ಜೂನ್ 18ರೊಳಗೆ ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ.

ಕೊನೆಗೂ ದಿನ ಗೊತ್ತಾಯಿತು. ಆಗಸ್ಟ್ 21, ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಗ್ಗೆ ವಾಪಸ್. 22 ನಾಲ್ಕನೇ ಶನಿವಾರ, ಬ್ಯಾಂಕಿನವರ ನೆಪ ಈ ಸಲ ನಡೆಯಲ್ಲ.

ಮೈಸೂರಿನಿಂದ ತಾಳಗುಪ್ಪದ ರಾತ್ರಿ ರೈಲು. ಬೆಂಗಳೂರಿನವರು ಅಲ್ಲೇ ಹತ್ತಿ. ತಾಳಗುಪ್ಪದಿಂದ ಜೋಗಕ್ಕೆ ಟೆಂಪೋ ಟ್ರಾವೆಲರ್ ಹೇಳಿದ್ದೇನೆ. ಭಾನುವಾರ ಇಕ್ಕೇರಿ, ಕೆಳದಿ ನೋಡಿಕೊಂಡು ರಾತ್ರಿ ರೈಲಿಗೆ.

ರೈಲಿನ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಅಂದರೆ ಜೂನ್ 22ರ ಬೆಳಗ್ಗೆ 8ಕ್ಕೆ. ಹಾಗಾಗಿ 18ರೊಳಗೆ:
- ಆಧಾರ್‌ನಲ್ಲಿರುವಂತೆ ಹೆಸರು, ವಯಸ್ಸು, ಹತ್ತುವ ಸ್ಟೇಷನ್ ನನಗೆ ಪರ್ಸನಲ್ ಆಗಿ ಕಳಿಸಿ. ಗುಂಪಿನಲ್ಲಿ ಹಾಕಬೇಡಿ.
- ಮುಂಗಡ ತಲೆಗೆ 2,000 ರೂಪಾಯಿ. ಲೆಕ್ಕ ಆಮೇಲೆ.

ಹಿರಿಯರ ರಿಯಾಯಿತಿ 2020ರಿಂದಲೇ ಇಲ್ಲ. ಆದರೆ 60 ದಾಟಿದವರಿಗೆ ಕೆಳಗಿನ ಬರ್ತ್ ಸಿಗುವ ಸಾಧ್ಯತೆ ಜಾಸ್ತಿ. ಮಂಡಿ ನೋವಿನವರು ಸುಮ್ನೆ ವಯಸ್ಸು ಕಡಿಮೆ ಮಾಡಿ ಹೇಳಬೇಡಿ!

ಮಲೆನಾಡಿನ ಆಗಸ್ಟ್ ಅಲ್ವಾ, ಗಾಳಿಗೆ ಕೊಡೆ ಉಲ್ಟಾ ಹೊಡೆಯುತ್ತದೆ. ರೇನ್‌ಕೋಟ್ ತನ್ನಿ. ಉಂಬಳ ಕಾಲು ಬೆರಳಿನ ಸಂದಿಗೇ ಹುಡುಕಿಕೊಂಡು ಬರುತ್ತದೆ, ಒಂದು ಪೊಟ್ಟಣ ಉಪ್ಪು ಜೊತೆಗಿರಲಿ. ಮಂಜು ಕವಿದರೆ ರಾಜ, ರಾಣಿ ಯಾರೂ ಕಾಣಲ್ಲ. ಅಲ್ಲೇ ಚಹಾ ಕುಡಿಯುತ್ತಾ ಕಾಯುವುದು, ಮಂಜು ಸರಿದಾಗ ನಾಲ್ಕೂ ಕವಲು ಕಾಣುತ್ತವೆ. ಕೆಳಗಿಳಿಯುವ ಮೆಟ್ಟಿಲ ಆಸೆ ಬಿಡಿ, ಮಳೆಯಲ್ಲಿ ಬೇಡವೇ ಬೇಡ.

ಬರುವವರು ‘ಬರ್ತೀನಿ’ ಎಂದೇ ಬರೆಯಿರಿ. ಬರೀ ಹೆಬ್ಬೆರಳು ಒತ್ತಿದರೆ ಬರುತ್ತೀರೋ, ಸುಮ್ನೆ ಓದಿದಿರೋ ಗೊತ್ತಾಗಲ್ಲ.